ಜಡೆಯ ಲೆಕ್ಕ

ಮೂಢನಂಬಿಕೆ ಎಂದರೆ ಅಕ್ಷರ ಬಾರದವರ ರೋಗ ಎಂದು ನಮ್ಮ ವಿಚಾರವಾದಿ ವಿಮರ್ಶೆ ಬಹುಕಾಲ ನಂಬಿಕೊಂಡು ಬಂತು. ಮೊದಲು ಪರೀಕ್ಷಿಸಬೇಕಾದದ್ದು ಈ ನಂಬಿಕೆಯನ್ನೇ.

1960ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 29 ಕಾಲೇಜು ವಿದ್ಯಾರ್ಥಿಗಳಿಗೆ 2, 4, 6 ಎಂಬ ಅಂಕಿ ಕೊಟ್ಟು, ನಿಮ್ಮದೇ ಅಂಕಿಗಳನ್ನು ಹೇಳಿ ನೋಡುತ್ತಾ ಇದರ ನಿಯಮ ಹುಡುಕಿ ಎಂದ. ನಿಯಮ ಇಷ್ಟೇ: ಏರುತ್ತಾ ಹೋಗುವ ಮೂರು ಅಂಕಿ. ಮೊದಲ ಸಲಕ್ಕೇ ಸರಿಯಾಗಿ ಹೇಳಿದವರು 6 ಜನ. ಉಳಿದವರಲ್ಲಿ ಹೆಚ್ಚಿನವರು ತಮ್ಮ ಊಹೆಗೆ ಒಪ್ಪುವ ಅಂಕಿಗಳನ್ನೇ ಹೇಳಿದರು. ಅದನ್ನು ಮುರಿಯುವ ಅಂಕಿ ಹುಡುಕಲಿಲ್ಲ. ಇವರೆಲ್ಲ ಓದಿದವರೇ ಅಲ್ಲವೆ? ನನ್ನ ತರಗತಿಯಲ್ಲೂ ಹುಡುಗರು 8, 10, 12 ಅಂತಲೇ ಅಂದರು.

ಈಗ ನಮ್ಮ ಗಾದಿಗನೂರಿನ ಸುತ್ತಲ ಹೊಸಪೇಟೆ, ಸಂಡೂರು ಸೀಮೆಗೆ ಬನ್ನಿ. ಇದು ದೇವದಾಸಿ ಪದ್ಧತಿಯನ್ನು ಉಂಡ ನೆಲ. ಹುಡುಗಿಯ ಕೂದಲು ಜಡೆಗಟ್ಟಿದರೆ ‘ಅವ್ವ ಕರೆದಾಳ’ ಅನ್ನುತ್ತಾರೆ. ಜಡೆ ಕತ್ತರಿಸಿದ ಮನೆಯಲ್ಲಿ ಜ್ವರ ಬಂದರೆ ಊರಿಗೆಲ್ಲ ಸುದ್ದಿ. ಏನೂ ಆಗದ ಮನೆಗಳ ಲೆಕ್ಕ ಯಾರೂ ಇಡಲ್ಲ. ಎಣ್ಣೆ, ಬಾಚಣಿಗೆ ಕಾಣದ ಕೂದಲು ಯಾವ ಜಾತಿಯ ತಲೆಯಲ್ಲೂ ಗಂಟುಕಟ್ಟುತ್ತೆ. ಮುತ್ತು ಕಟ್ಟಿಸಿಕೊಂಡವರು ಮಾತ್ರ ಬಹುಪಾಲು ದಲಿತ ಹೆಣ್ಣುಮಕ್ಕಳು. 1982ರ ಕಾಯ್ದೆ ಇದನ್ನು ಅಪರಾಧ ಎಂದಿತು. ಮನಸ್ಸಿನ ಈ ಲೆಕ್ಕವನ್ನು ಅದು ಹೇಗೆ ತಿದ್ದೀತು?

ತರ್ಕದ ತಪ್ಪು ಎಲ್ಲರದು, ದಂಡ ಕಟ್ಟುವುದು ನಮ್ಮ ಕೇರಿ. ಇದನ್ನು ಕಾಣದ ವಿಮರ್ಶೆ ಅರ್ಧ ವಿಮರ್ಶೆ. ಕೇರಿಗೆ ಬುದ್ಧಿ ಹೇಳಲು ಬರುವವರು, ಪ್ರತಿಭೆ ಹುಟ್ಟಿನಿಂದಲೇ ಬರುತ್ತೆಂಬ ಅಗ್ರಹಾರದ ನಂಬಿಕೆಯನ್ನೂ ಹೀಗೇ ಪರೀಕ್ಷಿಸಲಿ. ನಾವು ನಮ್ಮ ಪಾಲಿನ ಕೆಲಸ ಮಾಡೋಣ: ಜಡೆ ಕತ್ತರಿಸಿಕೊಂಡು ನೆಮ್ಮದಿಯಾಗಿರುವ ಹೆಣ್ಣುಮಕ್ಕಳ ಮಾತನ್ನು ಬರೆದಿಡೋಣ.