ಸದ್ದಿಲ್ಲದ ತಪ್ಪಿಗೆ ಕೈಪಿಡಿ ಎಲ್ಲಿ?

ಎಐ ಏಜೆಂಟುಗಳಿಗೆಂದೇ ಬರೆದ ಕೈಪಿಡಿಗಳನ್ನು ಈಗ ಎಲ್ಲರೂ ಹೊಗಳುತ್ತಿದ್ದಾರೆ. 2024ರಲ್ಲಿ ಜೆರೆಮಿ ಹೋವರ್ಡ್ ಮುಂದಿಟ್ಟ ಎಲ್‌ಎಲ್‌ಎಮ್ಸ್ ಡಾಟ್ ಟಿಎಕ್ಸ್‌ಟಿ, ಮರುವರ್ಷದ ಏಜೆಂಟ್ಸ್ ಡಾಟ್ ಎಂಡಿ, ಅದರ ಬೆನ್ನಿಗೇ ಬಂದ ಸ್ಕಿಲ್ ಫೈಲುಗಳು ಈ ಕಸುಬಿನವರಿಗೆ ಗೊತ್ತಿರುವವೇ. ಬೇರೆ ಕೆಲಸಗಳಲ್ಲಿ ಇವುಗಳಿಂದ ಉಪಯೋಗ ಇರಬಹುದು. ಆದರೆ ಓಡುತ್ತಿರುವ ಆಪ್‌ನ ಮೆಥಡ್‌ಗೆ ಹುಕ್ ಹಾಕಿ ಒಳಗಿನದನ್ನು ನೋಡುವ ಫ್ರಿಡಾದಂಥ ಉಪಕರಣದ ವಿಷಯದಲ್ಲಿ ಈ ಹೊಸ ಬರವಣಿಗೆ, ಅದನ್ನು ಕಟ್ಟಿದ ಓಲೆ ಆಂದ್ರೆ ರಾವ್ನೋಸ್ ಮತ್ತು ಸಂಗಡಿಗರ ಮೂಲ ದಾಖಲೆಯ ಹತ್ತಿರಕ್ಕೂ ಬರುವುದಿಲ್ಲ. ಆ ದಾಖಲೆಯನ್ನು ಉದ್ದ, ಒಣ, ಹಳತು ಎಂದು ಮೂಲೆಗೆ ಸರಿಸುತ್ತಿರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆ ದಾಖಲೆಯಲ್ಲಿ ಹುಕ್ ಹಾಕುವುದನ್ನು ಕಲಿಸುವ ಇಂಟರ್‌ಸೆಪ್ಟರ್ ಭಾಗವನ್ನೇ ನೋಡಿ. ಫಂಕ್ಷನ್ ಶುರುವಾಗುವಾಗ ಆನ್‌ಎಂಟರ್ ಕಾಲ್‌ಬ್ಯಾಕ್, ಮುಗಿಯುವಾಗ ಆನ್‌ಲೀವ್ ಕಾಲ್‌ಬ್ಯಾಕ್ ಓಡುತ್ತದೆ ಎಂಬುದು ಎಲ್ಲ ಕೈಪಿಡಿಯಲ್ಲೂ ಇದೆ. ಆನ್‌ಲೀವ್‌ಗೆ ಸಿಗುವ ರೆಟ್‌ವಾಲ್, ಅಂದರೆ ಫಂಕ್ಷನ್ ಹಿಂದಿರುಗಿಸುವ ಮೌಲ್ಯದ ಬಗ್ಗೆ ಮೂಲ ದಾಖಲೆ ಇನ್ನೊಂದು ಮಾತು ಸೇರಿಸುತ್ತದೆ: ಅದೇ ಆಬ್ಜೆಕ್ಟನ್ನು ಕರೆಯಿಂದ ಕರೆಗೆ ಮತ್ತೆ ಬಳಸಲಾಗುತ್ತದೆ, ಆದ್ದರಿಂದ ಕಾಲ್‌ಬ್ಯಾಕಿನ ಹೊರಗೆ ಅದನ್ನು ಇಟ್ಟುಕೊಳ್ಳಬಾರದು, ಬೇಕಿದ್ದರೆ ನಕಲು ಮಾಡಿಕೊಳ್ಳಬೇಕು. ನಕಲು ಮಾಡುವುದು ಹೇಗೆಂದು ಒಂದು ತುಣುಕು ಕೋಡಿನಲ್ಲಿ ತೋರಿಸಿಯೂ ಇದೆ. ಇಲ್ಲಿ ಕಾರಣ ಮೊದಲು ಬಂದಿದೆ, ನಿಷೇಧ ಆಮೇಲೆ. ಈ ಕಾರಣ ತಿಳಿಯದ ಏಜೆಂಟ್ ರೆಟ್‌ವಾಲ್‌ಗಳನ್ನು ಒಂದು ಪಟ್ಟಿಗೆ ತುಂಬಿ ಕೊನೆಯಲ್ಲಿ ಮುದ್ರಿಸಿದರೆ, ಬೇರೆ ಬೇರೆ ಮೌಲ್ಯಗಳಿರಬೇಕಾದ ಕಡೆ ಒಂದೇ ಮೌಲ್ಯ ಮತ್ತೆ ಮತ್ತೆ ಕಾಣಿಸಬಹುದು. ಎರರ್ ಬರುವುದಿಲ್ಲ. ಏಜೆಂಟ್ ಅದನ್ನೇ ಸಾಕ್ಷಿ ಎಂದು ವರದಿ ಬರೆಯುತ್ತದೆ.

ಅದೇ ಭಾಗದಲ್ಲಿ ಹುಕ್ ತೆಗೆದುಕೊಳ್ಳುವ ಸಮಯದ ಲೆಕ್ಕವೂ ಇದೆ. ಐಫೋನ್ 5ಎಸ್‌ನಲ್ಲಿ ಆನ್‌ಎಂಟರ್ ಒಂದೇ ಇದ್ದರೆ ಸುಮಾರು 6 ಮೈಕ್ರೋಸೆಕೆಂಡ್, ಎರಡೂ ಇದ್ದರೆ 11. ಫೋನು 2013ರದ್ದು, ಅಂಕಿ ಇವತ್ತಿಗೆ ಹೊಂದುವುದಿಲ್ಲ ಎಂದು ಅದನ್ನು ಕಿತ್ತುಹಾಕುವವರಿದ್ದಾರೆ. ಆದರೆ ಖಾಲಿ ಆನ್‌ಲೀವ್ ಬರೆದಿಟ್ಟರೂ ಅದಕ್ಕೆ ಬೆಲೆ ತೆರಬೇಕು ಎಂಬ ತಿಳಿವಳಿಕೆ ಆ ಎರಡು ಅಂಕಿಗಳಲ್ಲಿದೆ, ಅದು ಹಳತಾಗಿಲ್ಲ.

ನನ್ನ ತಕರಾರು ಬಲಿತದ್ದು ಕಳಸದ ಸ್ನೇಹಿತರೊಬ್ಬರ ಕಾಫಿ ತೋಟದ ಆಪಿನಿಂದ. ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿ ಆಳುಗಳ ಹೆಸರಿಗೆ ಕೆಜಿ ಬರೆದುಕೊಳ್ಳುವುದು, ನೆಟ್‌ವರ್ಕ್ ಸಿಕ್ಕಾಗ ಕಳಿಸುವುದು ಅದರ ಕೆಲಸ. ಕೆಲವು ತೂಕಗಳು ಕಾಣೆಯಾಗುತ್ತಿದ್ದವು, ಎಂದರೆ ಕೊಯ್ದವರ ಕೂಲಿ. ಕಾರಣ ಹುಡುಕಲು ಬಿಟ್ಟ ಏಜೆಂಟ್, ತೂಕವನ್ನು ಉಳಿಸಿಡುವ ಮೆಥಡ್‌ಗೆ ಹುಕ್ ಹಾಕಿತು. ಅದೇ ಹೆಸರಿನ ಮೆಥಡ್‌ಗಳು, ಅಂದರೆ ಓವರ್‌ಲೋಡ್‌ಗಳು, ಎರಡಿದ್ದವು. ಹೀಗಿರುವಾಗ ಫ್ರಿಡಾ ಸುಮ್ಮನೆ ಎರರ್ ಎಂದು ನಿಲ್ಲುವುದಿಲ್ಲ, ಯಾವ ಯಾವ ಓವರ್‌ಲೋಡ್‌ಗಳಿವೆ ಎಂದು ಪಟ್ಟಿ ಕೊಟ್ಟು ಒಂದನ್ನು ಆರಿಸಲು ಹೇಳುತ್ತದೆ. ಏಜೆಂಟುಗಳಿಗೆ ಅದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಏಜೆಂಟ್ ಮೊದಲನೆಯದನ್ನು ಆರಿಸಿತು, ಆಪ್ ಕರೆಯುತ್ತಿದ್ದದ್ದು ಎರಡನೆಯದನ್ನು. ಪರದೆ ಖಾಲಿ ಉಳಿಯಿತು. ಮೆಥಡ್ ಓಡುತ್ತಲೇ ಇಲ್ಲ ಎಂದು ಏಜೆಂಟ್ ತೀರ್ಪು ಕೊಟ್ಟಿತು. ಅದು ಓದಿದ್ದ, ಏಜೆಂಟುಗಳಿಗೆಂದೇ ತಯಾರಾದ ಕೈಪಿಡಿಯಲ್ಲಿ ಹುಕ್ ಹಾಕುವ ಕ್ರಮ ಸೊಗಸಾಗಿತ್ತು, ಏನೂ ಬಾರದಿದ್ದರೆ ಏನು ಅರ್ಥ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಅರೇಬಿಕಾ ಕಾಫಿ ತೋಟದಲ್ಲಿ ಮೇಲ್ವಿಚಾರಣೆಯ ರೈಟರ್ ಬಂದು ಕಾಂಡ ಕೊರೆಯುವ ಬೋರರ್ ಹುಳು ಬಿದ್ದ ಗಿಡ ಇಲ್ಲ ಎಂದರೆ, ಕಾಂಡ ನೋಡಿ ಹೇಳುತ್ತಿದ್ದೀಯೋ, ಆ ಬ್ಲಾಕಿಗೆ ಹೋಗದೆ ಹೇಳುತ್ತಿದ್ದೀಯೋ ಎಂದು ಮಾಲೀಕರು ಮೊದಲು ಕೇಳುತ್ತಾರೆ. ಹುಕ್ಕಿನ ವಿಷಯದಲ್ಲೂ ಏಜೆಂಟ್ ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು, ಕೈಪಿಡಿ ಅದನ್ನು ಕೇಳಿಸಬೇಕು. ಓವರ್‌ಲೋಡ್ ತಪ್ಪಿರಬಹುದು. ಫ್ರಿಡಾ ಸೇರಿಕೊಳ್ಳುವ ಮೊದಲೇ ಮೆಥಡ್ ಓಡಿ ಮುಗಿದಿರಬಹುದು. ಕೆಲಸ ಆಪಿನ ಇನ್ನೊಂದು ಪ್ರೊಸೆಸ್‌ನಲ್ಲಿ ನಡೆಯುತ್ತಿರಬಹುದು. ಆಂಡ್ರಾಯ್ಡ್‌ನ ರನ್‌ಟೈಮ್ ಆದ ಎಆರ್‌ಟಿ ಆ ಮೆಥಡನ್ನು ಕರೆದ ಜಾಗದಲ್ಲೇ ಇನ್‌ಲೈನ್ ಮಾಡಿ ಹುಕ್ಕನ್ನು ದಾಟಿ ಹೋಗಿರಬಹುದು. ಫ್ರಿಡಾದಲ್ಲಿ ಡಿಆಪ್ಟಿಮೈಸ್‌ಎವೆರಿಥಿಂಗ್ ಎಂಬ ಫಂಕ್ಷನ್ ಇರುವುದು ಇಂಥ ಪ್ರಸಂಗಕ್ಕೇ ಎಂದು ಮೂಲ ದಾಖಲೆ ಹೇಳುತ್ತದೆ. ನಾನು ನೋಡಿದ ಸಂಕ್ಷಿಪ್ತ ಕೈಪಿಡಿಗಳಲ್ಲಿ ಅದು ಬರೀ ಹೆಸರಾಗಿ ಉಳಿದಿದೆ.

ಟೋಕನ್ ದುಬಾರಿ, ಏಜೆಂಟಿಗೆ ಕಾರಣ ಬೇಡ, ಆದೇಶ ಸಾಕು ಎಂದು ವಾದಿಸುವ ವಿಮರ್ಶಕ ಮಿತ್ರರಿದ್ದಾರೆ. ಚಿಕ್ಕದಾಗಿ ಬರೆಯುವುದಕ್ಕೆ ನನ್ನ ವಿರೋಧವಿಲ್ಲ, ಆಯ್ಕೆಗಳ ಪಟ್ಟಿ ಚಿಕ್ಕದಿದ್ದರೇ ಚೆಂದ. ಆದರೆ ಇವರು ಏನನ್ನು ಉಳಿಸಿಕೊಂಡಿದ್ದಾರೆ ನೋಡಿ. 2025ರ ಮೇನಲ್ಲಿ ಬಂದ ಫ್ರಿಡಾ 17 ಹಳೆಯ ಮಾಡ್ಯೂಲ್ ಡಾಟ್ ಫೈಂಡ್‌ಎಕ್ಸ್‌ಪೋರ್ಟ್‌ಬೈನೇಮ್ ಮುಂತಾದವನ್ನು ತೆಗೆದುಹಾಕಿತು. ಹಳೆಯ ಉದಾಹರಣೆಗಳಿಂದ ಕಲಿತ ಮಾಡೆಲ್‌ಗಳು ಅದನ್ನೇ ಬರೆಯುತ್ತವೆ ಎಂದು ಇವರು ಪುಟಗಟ್ಟಲೆ ಎಚ್ಚರಿಕೆ ಬರೆಯುತ್ತಾರೆ. ಆ ತಪ್ಪು ತಕ್ಷಣ ಎರರ್ ಎಸೆಯುತ್ತದೆ, ಏಜೆಂಟ್ ಓದಿ ತಿದ್ದಿಕೊಳ್ಳುತ್ತದೆ. ಕೂಗಿ ಹೇಳುವ ತಪ್ಪಿಗೆ ಪುಟಗಟ್ಟಲೆ ಖರ್ಚು ಮಾಡಿ, ಬಾಯಿ ಬಿಡದ ತಪ್ಪಿಗೆ ಟೋಕನ್ ಇಲ್ಲ ಎನ್ನುವುದು ಯಾವ ಮಿತವ್ಯಯ? ಇನ್ನು ಕೆಲವರಿಗೆ ಕೈಪಿಡಿ ವಿಮರ್ಶೆಯ ವಸ್ತುವೇ ಅಲ್ಲ. ಮೂಡಿಗೆರೆಯಲ್ಲಿದ್ದುಕೊಂಡೇ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಅಷ್ಟು ಹಟ ಹಿಡಿದು ವಾದಿಸಿದ್ದನ್ನು ಅವರು ನೆನೆಯಲಿ.

ನಾನು ಕೇಳುವುದು ಹತ್ತು ಸಾಲು. ಪ್ರತಿ ಹುಕ್ಕಿನ ಜೊತೆಗೆ, ಖಂಡಿತ ಓಡುವ ಇನ್ನೊಂದು ಮೆಥಡ್‌ಗೂ ಹುಕ್ ಹಾಕಿಸಿ. ಆಂಡ್ರಾಯ್ಡ್‌ನಲ್ಲಿ ಆಕ್ಟಿವಿಟಿಯ ಆನ್‌ರೆಸ್ಯೂಮ್ ಸಾಕು, ಆಪನ್ನು ಬದಿಗೆ ಸರಿಸಿ ಮತ್ತೆ ತೆರೆದರೆ ಅದು ಓಡುತ್ತದೆ. ಅದೂ ಮೌನವಾಗಿದ್ದರೆ ಪ್ರೊಸೆಸ್ ಸರಿಯಿದೆಯೇ ನೋಡಬೇಕು. ಅದು ಮಾತಾಡಿ ನಮ್ಮದು ಮೌನವಾಗಿದ್ದರೆ ಎಲ್ಲ ಓವರ್‌ಲೋಡ್‌ಗಳಿಗೂ ಹುಕ್ ಹಾಕಬೇಕು, ಆಪನ್ನು ಫ್ರಿಡಾದಿಂದಲೇ ಹೊಸದಾಗಿ ಶುರು ಮಾಡಬೇಕು, ಆಮೇಲೆ ಇನ್‌ಲೈನ್ ಅನುಮಾನ. ಇಷ್ಟೆಲ್ಲ ಆಗುವವರೆಗೆ 'ಮೆಥಡ್ ಓಡುತ್ತಿಲ್ಲ' ಎಂದು ವರದಿಯಲ್ಲಿ ಬರೆಯಲು ಏಜೆಂಟಿಗೆ ಅನುಮತಿ ಇರಬಾರದು.