ಬಾಣಂತಿಯ ಕಪಾಟು ಮತ್ತು ಮಾರುಕಟ್ಟೆಯ ಅಳತೆ

ಬಾಣಂತಿಯ ಆರೈಕೆಯ ಬಗ್ಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಏನು ತಿನ್ನಬೇಕು, ಎಷ್ಟು ದಿನ ಎಣ್ಣೆ ಹಚ್ಚಿ ಮೀಯಿಸಬೇಕು, ಕಿವಿಗೆ ಗಾಳಿ ತಾಗದಂತೆ ಹೇಗೆ ನೋಡಿಕೊಳ್ಳಬೇಕು ಎಂದು ಹೇಳಲು ಮನೆಗೆ ಬಂದವರೆಲ್ಲ ಸಿದ್ಧರಿರುತ್ತಾರೆ. ಆದರೆ ಬಾಣಂತನ ಮುಗಿಸಿ ಆಕೆ ಮೊದಲ ಬಾರಿ ಹೊರಗೆ ಹೊರಟಾಗ ಏನು ಉಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಪಾಟಿನ ತುಂಬ ಬಟ್ಟೆಯಿರುತ್ತದೆ. ರವಿಕೆಯ ಹುಕ್ಕು ಕೂರುವುದಿಲ್ಲ. ಕುರ್ತಾ ಎದೆಯಿಂದ ಕೆಳಗಿಳಿಯುವುದಿಲ್ಲ. ಚೂಡಿದಾರದ ತೋಳು ಮೊಣಕೈ ದಾಟುವುದಿಲ್ಲ. ಕೊನೆಗೆ ಕೈಗೆ ಸಿಗುವುದು ಅದೇ ನೈಟಿ. ಮಗುವಿಗೆ ಹುಷಾರಿಲ್ಲ ಎಂದು ಹೇಳಿ ನೆಂಟರ ಮದುವೆ ತಪ್ಪಿಸಿಕೊಳ್ಳುವ ಎಷ್ಟೋ ತಾಯಂದಿರ ನಿಜವಾದ ಕಾರಣ ಕಪಾಟಿನೊಳಗಿರುತ್ತದೆ.

ಇದನ್ನು ಹೆಂಗಸರ ಶೋಕಿ ಎಂದು ತಳ್ಳಿಹಾಕುವವರು ಮೈಯ ಲೆಕ್ಕವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಹಿಗ್ಗಿದ ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು 6 ವಾರ ಬೇಕು. ಹೊಟ್ಟೆಯ ನಡುವೆ ಅಗಲಿದ ಸ್ನಾಯುಗಳು ಕೂಡಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಕೆಲವರಲ್ಲಿ ಅವು ಪೂರ್ತಿ ಕೂಡುವುದೂ ಇಲ್ಲ. ಹಾಲೂಡಿಸುವ ತಾಯಿಯ ಎದೆಯ ಅಳತೆ ಬೆಳಿಗ್ಗೆಗೂ ಸಂಜೆಗೂ ಒಂದೇ ಆಗಿರುವುದಿಲ್ಲ. ಮೊದಲ 6 ತಿಂಗಳು ಎದೆಹಾಲು ಮಾತ್ರ, ನಂತರ ಇತರ ಆಹಾರದ ಜೊತೆ 2 ವರ್ಷ ಮತ್ತು ಅದರಾಚೆಗೂ ಹಾಲೂಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಈ ಬದಲಾವಣೆ ನಾಲ್ಕು ದಿನದ ಮಾತಲ್ಲ.

ನಮ್ಮ ಹಳೆಯ ಉಡುಪುಗಳಿಗೆ ಈ ಸತ್ಯ ಗೊತ್ತಿತ್ತು. ಸೀರೆಗೆ ಸೈಜಿಲ್ಲ. ಐದೂವರೆ ಮೀಟರಿನ ಅದೇ ಬಟ್ಟೆ ಮದುವಣಗಿತ್ತಿಗೆ ಏಳು ನೆರಿಗೆಯಾದರೆ, ತುಂಬು ಗರ್ಭಿಣಿಗೆ ನಾಲ್ಕು ನೆರಿಗೆಯಾಗುತ್ತದೆ. ಸಲ್ವಾರಿನ ಲಾಡಿ ಸೊಂಟ ಎಷ್ಟಿದ್ದರೆ ಅಷ್ಟಕ್ಕೆ ನಿಲ್ಲುತ್ತದೆ. ರವಿಕೆ ಹೊಲಿಯುವ ದರ್ಜಿ ಎರಡೂ ಬದಿಯಲ್ಲಿ ಒಂದಿಂಚು ಬಟ್ಟೆಯನ್ನು ಒಳಗೇ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕುತ್ತಿದ್ದ. ಮೈ ತುಂಬಿಕೊಂಡಾಗ ಒಂದು ಸಾಲು ಬಿಚ್ಚಿದರಾಯಿತು. ಮುಂದೆ ಹುಕ್ಕಿದ್ದ ಆ ರವಿಕೆ ಹಾಲೂಡಿಸಲೂ ಒದಗುತ್ತಿತ್ತು.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ಹೊಗಳುವ ಇರಾದೆ ನಮಗಿಲ್ಲ. ಬಾಣಂತಿಗೆ ಹಳೆ ಸೀರೆಯೇ ಸಾಕು ಎಂದು ಮಾಸಿದ ಬಟ್ಟೆಯಲ್ಲಿ ಮೂಲೆಗೆ ಕೂರಿಸಿದ್ದೂ ನಮ್ಮ ಮನೆಗಳೇ. ಹೊಟ್ಟೆ ಇಳಿಯಲೆಂದು ಉಸಿರು ಕಟ್ಟುವಷ್ಟು ಬಿಗಿಯಾಗಿ ಬಟ್ಟೆ ಸುತ್ತಿದ್ದೂ ನಾವೇ. ಆ ಕಾಲದ ಬಟ್ಟೆ ಹೆಣ್ಣಿನ ಮೈಯನ್ನು ಅರಿತಿತ್ತು, ಆ ಕಾಲದ ಮನೆ ಅವಳ ಮನಸ್ಸನ್ನು ಅಷ್ಟಾಗಿ ಅರಿತಿರಲಿಲ್ಲ.

ಇಂದು ಅಂಗಡಿಯಲ್ಲಿ ತೂಗುವ ಸಿದ್ಧ ಉಡುಪಿನ ಕತೆ ಬೇರೆ. ಹೊಲಿಗೆಯೊಳಗೆ ಬಿಟ್ಟ ಬಟ್ಟೆಯೂ ತಯಾರಕನಿಗೆ ಖರ್ಚೇ. ಆದ್ದರಿಂದ ಅಂಚಿನವರೆಗೆ ಕತ್ತರಿಸಿ, ಓವರ್‌ಲಾಕ್ ಹಾಕಿ ಮುಗಿಸುತ್ತಾರೆ. ಬಿಚ್ಚಿ ಸಡಿಲಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ಇನ್ನು ಅದರ ಅಳತೆಯೋ! ಅಮೆರಿಕದಲ್ಲಿ 1939-40ರಲ್ಲಿ ಅಲ್ಲಿನ ಕೃಷಿ ಇಲಾಖೆ ಸುಮಾರು 15 ಸಾವಿರ ಮಹಿಳೆಯರಿಂದ ತಲಾ 59 ಅಳತೆಗಳನ್ನು ತೆಗೆಸಿತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯರ ಅಳತೆಗಳನ್ನು ಮಾತ್ರ. ಅದರ ಆಧಾರದ ಮೇಲೆ 1958ರಲ್ಲಿ ಒಂದು ಮಾನದಂಡ ಬಂತು, 1983ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ನಮ್ಮ ದೇಶದ ತಯಾರಕರು ಹೊರದೇಶಗಳ ಅಳತೆ ಪಟ್ಟಿಗಳನ್ನೇ ಅಲ್ಪಸ್ವಲ್ಪ ತಿದ್ದಿ ಬಳಸುತ್ತ ಬಂದರು. ಬೆಂಗಳೂರೂ ಸೇರಿದಂತೆ 6 ನಗರಗಳಲ್ಲಿ 25 ಸಾವಿರ ಭಾರತೀಯರ ಅಳತೆ ತೆಗೆಯುವ ಸರಕಾರಿ ಯೋಜನೆ ಘೋಷಣೆಯಾದದ್ದು 2018ರಲ್ಲಿ. ಒಳ್ಳೆಯ ಕೆಲಸವೇ. ಆದರೆ ಯಾವ ಪಟ್ಟಿಯಾದರೂ ಸಾವಿರಾರು ಮೈಗಳ ಸರಾಸರಿ. ಎರಡು ವರ್ಷದಲ್ಲಿ ಮೂರು ಸಲ ಬದಲಾಗುವ ಒಬ್ಬ ತಾಯಿಯ ಮೈಗೆ ಅದರಲ್ಲಿ ಜಾಗವೆಲ್ಲಿ?

ನಮ್ಮ ಮುಖ್ಯ ಆಕ್ಷೇಪವಿರುವುದು ಇಲ್ಲಿ. ಬಟ್ಟೆ ಹಿಡಿಸದಿದ್ದರೆ ತಪ್ಪು ಬಟ್ಟೆಯದೆಂದು ಮಾರುಕಟ್ಟೆ ಒಪ್ಪುವುದಿಲ್ಲ, ಮೈಯದೆನ್ನುತ್ತದೆ. ‘ಮೊದಲಿನ ಮೈಕಟ್ಟಿಗೆ ಮರಳಿ’ ಎನ್ನುವ ಜಾಹೀರಾತು ಹೊಟ್ಟೆ ಬಿಗಿಯುವ ಪಟ್ಟಿಯನ್ನೂ ತೂಕ ಇಳಿಸುವ ಪುಡಿಯನ್ನೂ ಮಾರುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ನಟಿ ಐಶ್ವರ್ಯಾ ರೈ ಅವರಿಗೆ 2011ರ ನವೆಂಬರಿನಲ್ಲಿ ಮಗಳು ಹುಟ್ಟಿದಳು. 2012ರ ಮೇ ತಿಂಗಳಲ್ಲಿ ಅವರು ಕಾನ್ ಚಿತ್ರೋತ್ಸವಕ್ಕೆ ಹೋಗುವ ಹೊತ್ತಿಗೆ, ಅವರ ತೂಕ ಇಳಿದಿಲ್ಲವೆಂಬುದೇ ದೇಶದ ದೊಡ್ಡ ಸುದ್ದಿಯಾಗಿತ್ತು. ಆರು ತಿಂಗಳ ಕೂಸಿನ ತಾಯಿಯನ್ನು ಹಾಗೆ ಅಣಕಿಸಿದವರಲ್ಲಿ ಹೆಂಗಸರೂ ಇದ್ದರು. ವಿಶ್ವಸುಂದರಿಗೇ ಇಲ್ಲದ ರಿಯಾಯಿತಿ ನಮ್ಮ ನೆರೆಮನೆಯ ಹುಡುಗಿಗೆ ಎಲ್ಲಿಂದ ಸಿಗಬೇಕು?

ಇದರ ಬೆಲೆ ತೆರುವುದು ತಾಯಿ ಮಾತ್ರವಲ್ಲ. ಮೊದಲ 6 ತಿಂಗಳು ಹಾಲೂಡಿಸುವವಳಿಗೆ ದಿನಕ್ಕೆ ಸುಮಾರು 600 ಕಿಲೊ ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಹಳೆಯ ಕುರ್ತಾದೊಳಗೆ ನುಸುಳಲು ಆ ಹೊತ್ತಿನಲ್ಲಿ ಊಟ ಬಿಟ್ಟರೆ ಅವಳ ಎಲುಬು, ರಕ್ತ, ಉತ್ಸಾಹ ಎಲ್ಲವೂ ಸೊರಗುತ್ತವೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. ರಜೆ ಮುಗಿಸಿ ಕಚೇರಿಗೆ ಹೊರಟವಳಿಗೆ ಧರಿಸಲು ಮೂರು ಜೊತೆ ಬಟ್ಟೆಯಿಲ್ಲದಿದ್ದರೆ ಅವಳ ಅರ್ಧ ಧೈರ್ಯ ಬಾಗಿಲಲ್ಲೇ ಉಡುಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕಪಾಟನ್ನು ಒಮ್ಮೆಗೇ ತುಂಬುವ ಅಗತ್ಯವಿಲ್ಲ. ಹಾಲು ಬಿಡಿಸಿದ ಮೇಲೆ ಅಳತೆ ಮತ್ತೆ ಬದಲಾಗುವುದರಿಂದ ಈಗ ಹತ್ತು ಜೊತೆ ಹೊಲಿಸುವುದು ಹಣ ಹಾಳು. ಇಂದಿನ ಮೈಗೆ ಸರಿಯಾದ ಮೂರು ನಾಲ್ಕು ಜೊತೆ ಸಾಕು. ಹಳೆಯ ಅಳತೆ ರವಿಕೆಯನ್ನು ಕೊಟ್ಟು ಬರುವ ಬದಲು ದರ್ಜಿಯ ಬಳಿ ಹೊಸದಾಗಿ ಅಳತೆ ಕೊಡಬೇಕು, ಬದಿಯಲ್ಲಿ ಬಟ್ಟೆ ಬಿಡಲು ಹೇಳಬೇಕು. ಕುರ್ತಾವಿರಲಿ, ಬುರ್ಖಾವಿರಲಿ, ಮುಂದೆ ಗುಂಡಿಯೋ ಜಿಪ್ಪೋ ಇದ್ದರೆ ಬಸ್ ನಿಲ್ದಾಣದಲ್ಲೂ ಮಗು ಹಸಿದು ಅಳಬೇಕಾಗಿಲ್ಲ. ಹಿಡಿಸದ ಬಟ್ಟೆಗಳನ್ನು ಕಣ್ಣಿಗೆ ಬೀಳದ ಕಡೆ ಕಟ್ಟಿಡುವುದು ಅಥವಾ ಬೇಕಾದವರಿಗೆ ಕೊಡುವುದು ಒಳ್ಳೆಯದು. ದಿನವೂ ಕಪಾಟು ತೆರೆದಾಗ ಅವು ಅವಳನ್ನು ಹಂಗಿಸಬಾರದು.

ಗಂಡಸರಿಗೂ ಒಂದು ಮಾತಿದೆ. ಮಗುವಿನ ತೊಟ್ಟಿಲಿಗೆ, ಹೆಸರಿಡುವ ಸಮಾರಂಭದ ಊಟಕ್ಕೆ ಹಣ ತೆಗೆದಿಟ್ಟ ಮನೆ ತಾಯಿಯ ನಾಲ್ಕು ಜೊತೆ ಬಟ್ಟೆಗೂ ಒಂದಿಷ್ಟು ತೆಗೆದಿಡಲಿ. ಇಷ್ಟೆಲ್ಲ ಬಟ್ಟೆಯಿದೆಯಲ್ಲ ಎನ್ನುವ ಮುಂಚೆ, ಅದರಲ್ಲಿ ಅವಳು ಹಾಕಿಕೊಳ್ಳಬಹುದಾದದ್ದು ಎಷ್ಟು ಎಂದು ಕೇಳಲಿ. ಒಂದು ಜೀವವನ್ನು ಹೊತ್ತು, ಹೆತ್ತು, ಹಾಲೂಡಿಸುತ್ತಿರುವ ಮೈಯನ್ನು ತಿದ್ದಬೇಕಾಗಿಲ್ಲ. ತಿದ್ದಬೇಕಾದ್ದು ಹೊಲಿಗೆಯನ್ನು, ಅದಕ್ಕೆ ಒಂದು ಕತ್ತರಿ ಮತ್ತು ಸೂಜಿ ದಾರ ಸಾಕು.