ಕಂಡ ರೂಪ, ಬರೆದ ಹೆಸರು: ಲಿಯೊನಾರ್ಡೊನ ಮಿದುಳುಕುಹರ ಚಿತ್ರಗಳು

ಮಿದುಳಿನೊಳಗಣ ಕುಹರಗಳ ನಿಜಾಕಾರವನ್ನು ಅಚ್ಚು ತೆಗೆದು ತೋರಿಸಿಕೊಟ್ಟವನು ಲಿಯೊನಾರ್ಡೊ ಡ ವಿಂಚಿ ಎಂಬ ಪ್ರಶಂಸೆ ನ್ಯಾಯವಾದುದೇ. ಆದರೆ ಅದರೊಡನೆಯೇ, ಪ್ರಾಚೀನರ ಕೋಶವಾದವನ್ನು ಅವನು ಮುರಿದನೆಂದೂ ಕೆಲವರು ಹೇಳುವುದುಂಟು. ಚಿತ್ರಗಳನ್ನು ಅವುಗಳ ಮೇಲಣ ಬರಹದೊಡನೆ ಪರಿಶೀಲಿಸಿದರೆ ಈ ಎರಡನೆಯ ಮಾತು ನಿಲ್ಲುವುದಿಲ್ಲ.

4ನೆಯ ಶತಮಾನದ ಕೊನೆಯಲ್ಲಿ ಎಮೆಸಾದ ಬಿಷಪ್ ನೆಮೇಸಿಯಸನು ಮುಂದಣ ಕುಹರಗಳಿಗೆ ಇಂದ್ರಿಯಜ್ಞಾನವನ್ನೂ ನಡುವಣದಕ್ಕೆ ವಿಚಾರಶಕ್ತಿಯನ್ನೂ ಹಿಂದಣದಕ್ಕೆ ಸ್ಮೃತಿಯನ್ನೂ ಹಂಚಿಕೊಟ್ಟಿದ್ದನು. ಮಧ್ಯಯುಗದವರು ಇದನ್ನು ಸಾಲಾಗಿ ಜೋಡಿಸಿದ ಮೂರು ಕೋಶಗಳಾಗಿ ಚಿತ್ರಿಸಿದರು. 1490ರ ಸುಮಾರಿನಲ್ಲಿ ಲಿಯೊನಾರ್ಡೊ ತಲೆಯ ಪದರಗಳನ್ನು ಈರುಳ್ಳಿಯ ಪದರಗಳಿಗೆ ಹೋಲಿಸಿ ಬರೆದ ಚಿತ್ರದಲ್ಲಿಯೂ ಅದೇ ಮೂರು ಕೋಶಗಳಿವೆ.

1508ರ ಸುಮಾರಿಗೆ ಅವನು ಎತ್ತಿನ ಮಿದುಳನ್ನು ತೆಗೆದುಕೊಂಡು, ದೊಡ್ಡ ಕುಹರಗಳ ಕೊಂಬುಗಳಲ್ಲಿ ಗಾಳಿ ಹೊರಹೋಗಲು ಎರಡು ರಂಧ್ರಗಳನ್ನು ಮಾಡಿ, ಪಿಚಕಾರಿಯಿಂದ ಕರಗಿದ ಮೇಣವನ್ನು ಒಳಗೆ ತುಂಬಿದನು. ಮೇಣ ಗಟ್ಟಿಯಾದ ಮೇಲೆ ಸುತ್ತಣ ಮಿದುಳನ್ನು ಬಿಡಿಸಲು, ಬಾಗಿದ ಎರಡು ಪಾರ್ಶ್ವಕುಹರಗಳೂ ನಡುವಣ ಮೂರನೆಯದೂ ಹಿಂದಣ ನಾಲ್ಕನೆಯದೂ ಒಂದಕ್ಕೊಂದು ಕೂಡಿಕೊಂಡು ಗೋಚರವಾದುವು. ಸಾಲುಗೋಳಗಳು ಮಾಯವಾದುವು, ಆದರೆ ಹೆಸರುಗಳು ಉಳಿದುವು. ಮುಂದೆ ಗ್ರಹಣಶಕ್ತಿ, ನಡುವೆ ಸಾಮಾನ್ಯೇಂದ್ರಿಯ, ಹಿಂದೆ ಸ್ಮೃತಿ! ಅವನ ಕೈ ಹೊಸದನ್ನು ಕಂಡಿತು. ಲೇಖನಿ ಹಳೆಯದನ್ನೇ ಬರೆಯಿತು. ನೀರಿನ ಹರಿವನ್ನು ಅಷ್ಟು ಆಸ್ಥೆಯಿಂದ ಅಭ್ಯಸಿಸಿದವನು, ತನ್ನ ಕೈಯಲ್ಲೇ ಮೂಡಿದ ಕಾಲುವೆಗೆ ಕೋಣೆಗಳ ಹೆಸರನ್ನಿಟ್ಟನು.

ಹೆಸರನ್ನು ಪ್ರಶ್ನಿಸಿದ ಕೀರ್ತಿ ವೆಸೇಲಿಯಸನದು. 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ತನ್ನ ಮಹಾಗ್ರಂಥದ ಏಳನೆಯ ಭಾಗದಲ್ಲಿ, ಕುರಿ, ನಾಯಿ ಮೊದಲಾದುವುಗಳ ಕುಹರಗಳೂ ಮನುಷ್ಯನವುಗಳಂತೆಯೇ ಇರಲು ವಿಚಾರಶಕ್ತಿಯನ್ನು ಅಲ್ಲಿ ನೆಲೆಗೊಳಿಸುವುದು ಹೇಗೆಂದು ಅವನು ಕೇಳಿದನು. ಅವನೂ ಪೂರ್ಣವಾಗಿ ಮುಕ್ತನಲ್ಲ. ಪ್ರಾಣವಾಯುವು ಕುಹರಗಳಲ್ಲಿ ಸಿದ್ಧವಾಗುವುದೆಂಬ ನಂಬಿಕೆಯನ್ನು ಅವನು ಬಿಡಲಿಲ್ಲ. ಆದರೂ ಅವನ ಒಂದು ಪ್ರಶ್ನೆ ಮಾಡಿದ ಕೆಲಸವನ್ನು ಲಿಯೊನಾರ್ಡೊನ ಸುಂದರವಾದ ಅಚ್ಚು ಮಾಡಲಿಲ್ಲ.

ಕುಹರಗಳಲ್ಲಿರುವುದು ವಾಯುವಲ್ಲ, ದ್ರವವೆಂಬುದು ಇಂದು ನಿಶ್ಚಿತ. ವಯಸ್ಕರಲ್ಲಿ ಮಿದುಳು ಮತ್ತು ಬೆನ್ನುಹುರಿಗಳ ಒಳಗೂ ಸುತ್ತಲೂ ಇರುವ ಈ ದ್ರವ ಒಟ್ಟು ಸುಮಾರು 150 ಮಿಲಿಲೀಟರು. ದಿನಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರು. ಎಂದರೆ ಅದು ದಿನವೊಂದಕ್ಕೆ ಮೂರು ಬಾರಿಗೂ ಮಿಗಿಲಾಗಿ ಹೊಸದಾಗುತ್ತದೆ. ಮೂರನೆಯ ಮತ್ತು ನಾಲ್ಕನೆಯ ಕುಹರಗಳ ನಡುವಣ ಕಿರುನಾಳ ಮುಚ್ಚಿದರೆ ಹಿಂದೆ ನಿಂತ ದ್ರವ ಕುಹರಗಳನ್ನು ಹಿಗ್ಗಿಸುತ್ತದೆ. ಎಳೆಯ ಶಿಶುವಾದರೆ ತಲೆಯೇ ಬೆಳೆಯುತ್ತದೆ. ರೋಗಿಯ ಅಳಿವು ಉಳಿವುಗಳು ನಿಂತಿರುವುದು ಕೋಣೆಗಳ ಮೇಲಲ್ಲ, ದಾರಿಯ ಮೇಲೆ.

ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಅಚ್ಚುಕಟ್ಟಾದ ಚಿತ್ರ ಬರೆದು ಪುಸ್ತಕದ ಹೆಸರುಗಳನ್ನು ಅಂಟಿಸುತ್ತಾರೆ. ನಾವು ಅದಕ್ಕೆ ಪೂರ್ಣಾಂಕವನ್ನೂ ಕೊಡುತ್ತೇವೆ. ಅಂಥ ಚಿತ್ರವನ್ನು ಲಿಯೊನಾರ್ಡೊಗಿಂತ ಚೆನ್ನಾಗಿ ಬರೆಯುವವರು ದುರ್ಲಭ. ಆ ಹೆಸರು ಅಲ್ಲೇಕೆ ಎಂದು ಕೇಳುವ ವಿದ್ಯಾರ್ಥಿಗೂ ಅಂಕ ದೊರೆಯಬೇಡವೆ?